ಎರಡು ಚಕ್ರಕ್ಕೆ ಮೂರು ಟಯರ್

ನನ್ನ ಮೋಟರ್ ಸೈಕಲ್ಲಿಗೆ ಟಯರ್ ಬದಲಾಯಿಸಲು ಒಟ್ಟು ನೂರ ಮೂವತ್ತೆಂಟು ರೂಪಾಯಿ ಹಿಡಿಯಿತು. ಆಗ ಹೊಸ ಟಯರ್ ಒಂದಕ್ಕೆ ಐವತ್ತೆಂಟು. ಲೆಕ್ಕ ಬಲ್ಲವರು ಕೂಡಲೇ ಕೇಳುತ್ತಾರೆ: ಎರಡಕ್ಕೆ ನೂರ ಹದಿನಾರು ಆಯಿತಲ್ಲ, ಮಿಕ್ಕ ಇಪ್ಪತ್ತೆರಡು ಎಲ್ಲಿಗೆ ಹೋಯಿತು? ಆ ಇಪ್ಪತ್ತೆರಡಕ್ಕೆ ನಾನು ಇನ್ನೊಂದು ಟಯರ್ ಕೊಂಡಿದ್ದೆ. ಗಾಡಿಗೆ ಇದ್ದದ್ದು ಎರಡೇ ಚಕ್ರ. ಹಾಗಿದ್ದೂ ಮೂರು ಟಯರಿಗೆ ದುಡ್ಡು ಕೊಟ್ಟವನು ದಡ್ಡನಿರಬೇಕು ಎಂದು ನೀವು ಅಂದುಕೊಂಡರೆ ತಪ್ಪು. ದಡ್ಡನಾಗಿದ್ದರೆ ಮೊದಲ ದಿನವೇ ಕೇಳಿದಷ್ಟು ಕೊಟ್ಟು, ಎರಡು ಹೊಸ ಟಯರ್ ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದೆ. ನನಗೆ ಚೌಕಾಸಿ ಮಾಡಲು ಬರುತ್ತಿತ್ತು. ಅದಕ್ಕೇ ಹೆಚ್ಚು ಬಿತ್ತು.

ನಾನು ವೀಳ್ಯದೆಲೆ ವ್ಯಾಪಾರದವನು. ಮೊದಲು ಬುಟ್ಟಿ ತಲೆಯ ಮೇಲೆ ಹೊತ್ತು ಶಿವಮೊಗ್ಗದ ಬೀದಿ ಸುತ್ತಿದೆ. ಆಮೇಲೆ ಒಂದು ಸೈಕಲ್ ಮಾಡಿಕೊಂಡೆ. ಅರವತ್ತರ ದಶಕ ಶುರುವಾಗುವ ಹೊತ್ತಿಗೆ, ಮಿಲಿಟರಿಯವರು ಹರಾಜಿಗೆ ಬಿಟ್ಟ ಹಳೆಯ ಮೋಟರ್ ಸೈಕಲ್ಲೊಂದು ಎರಡು ಮೂರು ಕೈ ದಾಟಿ ನನ್ನ ಕೈಗೆ ಬಂತು. ಅದರ ಸದ್ದಿಗೆ ನಮ್ಮ ಬೀದಿಯ ಎಮ್ಮೆಗಳು ಹಗ್ಗ ಕಿತ್ತುಕೊಳ್ಳುತ್ತಿದ್ದವು. ಆದರೆ ಎಂಜಿನ್ ಗಟ್ಟಿ ಇತ್ತು. ಹಿಂದೆ ಕಬ್ಬಿಣದ ದೊಡ್ಡ ಕ್ಯಾರಿಯರ್ ಮಾಡಿಸಿ, ನಲವತ್ತು ಕಟ್ಟು ಎಲೆಯನ್ನು ಬಾಳೆಪಟ್ಟೆಯಲ್ಲಿ ಸುತ್ತಿ, ಒದ್ದೆ ಗೋಣಿಯಲ್ಲಿ ಬಿಗಿದು, ದಿನಾ ಮಧ್ಯಾಹ್ನ ಭದ್ರಾವತಿಗೆ ಹೊರಡುತ್ತಿದ್ದೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮಧ್ಯಾಹ್ನ ಎರಡಕ್ಕೆ ಸೈರನ್. ಬೆಳಗಿನ ಪಾಳಿಯವರು ಹೊರಗೆ ಬರುವುದು, ಮಧ್ಯಾಹ್ನದ ಪಾಳಿಯವರು ಒಳಗೆ ಹೋಗುವುದು ಎರಡೂ ಒಂದೇ ಹೊತ್ತಿಗೆ. ಕುಲುಮೆಯ ಶಾಖದಲ್ಲಿ ಎಂಟು ಗಂಟೆ ನಿಂತವನಿಗೆ ಹೊರಗೆ ಬಂದ ಕೂಡಲೇ ಬಾಯಿಗೆ ಎಲೆಯಡಿಕೆ ಬೀಳಬೇಕು. ಒಳಗೆ ಹೋಗುವವನು ಕೆನ್ನೆಗೆ ತುಂಬಿಕೊಂಡೇ ಹೋಗಬೇಕು. ಅರ್ಧ ಗಂಟೆಯಲ್ಲಿ ಗೇಟಿನ ಮುಂದಿನ ಐದಾರು ಬೀಡಾ ಅಂಗಡಿಗಳ ಇಡೀ ದಿನದ ವ್ಯಾಪಾರ ಮುಗಿದುಹೋಗುತ್ತಿತ್ತು. ಆ ಅಂಗಡಿಗಳಿಗೆಲ್ಲ ಎಲೆ ಒದಗಿಸುವವನು ನಾನೊಬ್ಬನೇ. ನನ್ನ ಮನೆಯ ಒಲೆ ಹೊತ್ತುತ್ತಿದ್ದದ್ದು ಅದರಿಂದ.

ನನಗಿಂತ ಮೊದಲು ಅಲ್ಲಿಗೆ ಎಲೆ ತರುತ್ತಿದ್ದವಳು ಭದ್ರಾವತಿಯವಳೇ ಆದ ಒಬ್ಬ ಹೆಂಗಸು. ತಮಿಳು ಮನೆಮಾತಿನವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಎಲ್ಲರೂ ಅಕ್ಕ ಎನ್ನುತ್ತಿದ್ದರು. ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಬಂದು, ಬುಟ್ಟಿ ತುಂಬಿಕೊಂಡು, ಮಧ್ಯಾಹ್ನದ ರೈಲಿಗೆ ವಾಪಸು. ರೈಲು ಬಂದರೆ ಎಲೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ಮೋಟರ್ ಸೈಕಲ್ ಏರಿ ಹೋಗಿ, ಬೀಡಾ ಅಂಗಡಿಯವರಲ್ಲೇ ಹಿರಿಯರಾದ ಒಬ್ಬ ಮುದುಕರಿಗೆ, "ನನ್ನ ಗಾಡಿ ಸಿಗ್ನಲ್ ಬೀಳ್ಲಿ ಅಂತ ಕಾಯಲ್ಲ ಯಜಮಾನ್ರೆ, ಎರಡು ಹೊಡೆಯೋದ್ರೊಳಗೆ ಎಲೆ ನಿಮ್ಮ ಹಲಗೆ ಮೇಲಿರ್ತದೆ" ಎಂದು ಮಾತು ಕೊಟ್ಟು ಆ ವ್ಯಾಪಾರ ಹಿಡಿದಿದ್ದೆ. ಅಕ್ಕ ಓಲ್ಡ್ ಟೌನಿನ ಸಂತೆಬೀದಿಯಲ್ಲಿ ಚಿಲ್ಲರೆ ಮಾರುವುದಕ್ಕೆ ಇಳಿದಳು. ಎದುರು ಸಿಕ್ಕಾಗ ನನ್ನನ್ನು ನೋಡುತ್ತಿರಲಿಲ್ಲ. ಗಾಡಿಯ ಚಕ್ರವನ್ನು ಮಾತ್ರ ನೋಡುತ್ತಿದ್ದಳು.

ನೋಡುವಂತೆಯೇ ಇತ್ತು. ಎರಡು ಟಯರೂ ಬೋಳಾಗಿ, ನನ್ನ ಮುಖ ಅದರಲ್ಲಿ ಕಾಣುವುದೊಂದು ಬಾಕಿ. ಕಬ್ಬಿನ ಗಾಡಿಗಳು ಓಡಾಡುವ ಆ ರಸ್ತೆಯಲ್ಲಿ ಎತ್ತಿನ ಲಾಳದ ಮೊಳೆಗಳು ಎಳ್ಳು ಚೆಲ್ಲಿದ ಹಾಗೆ ಬಿದ್ದಿರುತ್ತಿದ್ದವು. ಗಟ್ಟಿ ಟಯರಿಗೆ ಅವು ಅಂಟಿ ಉದುರುತ್ತವೆ, ಸವೆದ ಟಯರಿಗೆ ನೇರ ಒಳಗೆ. ಒಂದೇ ತಿಂಗಳಲ್ಲಿ ಎರಡು ಸಲ ಪಂಕ್ಚರಾಗಿ, ಸೈರನ್ ಆದ ಮೇಲೆ ಗೇಟು ಮುಟ್ಟಿದೆ. ಎರಡನೆಯ ಸಲ ಮುದುಕರು ಬೆರಳು ಮಡಿಸಿ ತೋರಿಸಿದರು.

"ನೋಡು ಮಾರಾಯ, ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಬಾಯಿ ಒಣಗಿಸ್ಕೊಂಡು ಬಂದೋನು ಪಂಕ್ಚರ್ ಕಥೆ ಕೇಳಲ್ಲ. ಎರಡಾಯ್ತು. ಮೂರನೇ ಸಲ ಆದ್ರೆ ಅಕ್ಕನಿಗೇ ಹೇಳ್ಕಳಿಸ್ತೀನಿ."

ಹೀಗೆ ಟಯರ್ ಕೊಳ್ಳಲೇಬೇಕಾಯಿತು.

ನಮ್ಮ ಬಜಾರಿನಲ್ಲಿ ಬೋಣಿ ಎಂಬುದೊಂದಿದೆ. ಅಂಗಡಿ ತೆರೆದ ಮೇಲೆ ಮೊದಲು ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ದಿನದ ವ್ಯಾಪಾರವೇ ಕೆಟ್ಟಿತು ಎಂದು ಅಂಗಡಿಯವರ ನಂಬಿಕೆ. ಈ ನಂಬಿಕೆಯ ಮೇಲೆ ನಾನು ಸಂಸಾರ ಕಟ್ಟಿದ್ದೇನೆ ಎಂದರೆ ಸುಳ್ಳಲ್ಲ. ಹೆಂಡತಿಯ ಧಾರೆ ಸೀರೆಯಿಂದ ಹಿಡಿದು ಅಡುಗೆಮನೆಯ ಸೌಟಿನವರೆಗೆ ಎಲ್ಲವನ್ನೂ ಬೋಣಿ ಹೊತ್ತಿನಲ್ಲಿ ಕೊಂಡವನು ನಾನು. ಅಂಗಡಿಯ ಹಲಗೆ ತೆಗೆಯುವ ಮೊದಲೇ ಹೋಗಿ ನಿಲ್ಲಬೇಕು. ಒಳಗೆ ಕಾಲಿಟ್ಟ ಮೇಲೆ ಅವಸರ ಮಾಡಬಾರದು. ಬೆಲೆ ಕೇಳಿ ನಿಟ್ಟುಸಿರು ಬಿಟ್ಟು ಎದ್ದು ನಿಂತರೆ ಸಾಕು, ಅಂಗಡಿಯವನು ಊದುಬತ್ತಿಯ ಹೊಗೆಯಲ್ಲಿ ದೇವರ ಪಟ ನೋಡಿ, ನನ್ನ ಮುಖ ನೋಡಿ, ಎರಡು ರೂಪಾಯಿ ಇಳಿಯುತ್ತಾನೆ.

ಟಯರ್ ಅಂಗಡಿಯ ಯಜಮಾನರು ಹಣೆಯ ತುಂಬ ವಿಭೂತಿ ಧರಿಸುವ, ಮೆಲುಮಾತಿನ ಮನುಷ್ಯ. ಅವರು ಬೀಗ ತೆಗೆಯುವಾಗ ನಾನು ಮೆಟ್ಟಿಲ ಮೇಲೆ ಕೂತಿದ್ದೆ.

"ಏನ್ ಸ್ವಾಮಿ, ಇಷ್ಟು ಬೇಗ?"

"ನಿಮ್ಮ ಬೋಣಿ ನಂದೇ ಆಗ್ಲಿ ಅಂತ ಬಂದೆ ಯಜಮಾನ್ರೆ."

ಅವರು ನಕ್ಕು ಒಳಗೆ ಹೋದರು. ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ, ಕೈಮುಗಿದು, ಅಂಗಿಯ ಜೇಬಿನಿಂದ ಒಂದು ಹತ್ತು ಪೈಸೆ ತೆಗೆದು ಗಲ್ಲಾಪೆಟ್ಟಿಗೆಗೆ ಹಾಕಿದರು. ಪಕ್ಕದ ಡಬ್ಬಿಯೊಂದರಿಂದ ಸೈಕಲ್ ಟ್ಯೂಬಿಗೆ ಹಾಕುವ ಪುಟ್ಟ ಮುಚ್ಚಳವೊಂದನ್ನು ತೆಗೆದು ಜೇಬಿಗೆ ಇಳಿಸಿದರು.

"ಅದೇನದು?" ಎಂದೆ.

"ನಮ್ಮ ಮನೆಯವ್ರ ಬೋಣಿ. ದಿನಾ ಒಂದು ಕ್ಯಾಪ್ ತಗೋತಾರೆ."

"ಅಮ್ಮಾವ್ರಿಗೆ ಸೈಕಲ್ ಇದೆಯಾ?"

"ಇಲ್ಲ. ಆದ್ರೆ ಊರಲ್ಲಿ ನಿಮ್ಮಂಥೋರು ಇದ್ದೀರಲ್ಲ. ಹೇಳಿ, ಏನು ಕೊಡ್ಲಿ?"

ಇಪ್ಪತ್ತು ವರ್ಷದ ವಿದ್ಯೆ ಹತ್ತು ಪೈಸೆಗೆ ಹೋಯಿತು. ಆದರೂ ನಾನು ಬಿಡುವವನಲ್ಲ. ಹೊಸ ಟಯರ್ ಎರಡು ಬೇಕು ಎಂದೆ. ಒಂದಕ್ಕೆ ಐವತ್ತೆಂಟು ಎಂದರು. ಜೋಡಿಗೆ ತೊಂಬತ್ತು ಎಂದೆ. ಅವರು ಗೋಡೆಗೆ ಅಂಟಿಸಿದ್ದ ಅಚ್ಚಾದ ದರಪಟ್ಟಿ ತೋರಿಸಿದರು. ಅಚ್ಚಾದದ್ದೆಲ್ಲ ನಿಜವೇ ಯಜಮಾನ್ರೆ ಎಂದು ಕೇಳಿದೆ. ಅವರು ಬೀರುವಿನ ಗಾಜು ಒರೆಸಿದರು. ನನ್ನ ತಂದೆಯವರ ಕಾಲದಿಂದ ನಿಮ್ಮ ಅಂಗಡಿ ನಮಗೆ ಪರಿಚಯ ಎಂದೆ. "ಅಂಗಡಿ ಶುರುವಾಗಿ ಆರು ವರ್ಷ ಆಯ್ತು" ಎಂದರು. ಕೊನೆಗೆ ಎದ್ದು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ನಿಧಾನವಾಗಿ ನಡೆದೆ. ಹತ್ತು ಹೆಜ್ಜೆಯೊಳಗೆ ಹಿಂದಿನಿಂದ ಕೂಗು ಬರುವುದು ವಾಡಿಕೆ. ಹತ್ತಾಯಿತು, ಇಪ್ಪತ್ತಾಯಿತು, ಬೀದಿಯೇ ಮುಗಿಯಿತು. ಮೂಲೆಯ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು, ಬೇರೆ ಏನೋ ಕೆಲಸಕ್ಕೆ ಹೋಗಿ ಬಂದವನ ಹಾಗೆ ವಾಪಸು ಬಂದೆ.

"ಬನ್ನಿ, ಕಾಫಿ ಆಯ್ತಾ?" ಎಂದರು ಯಜಮಾನರು. "ನೋಡಿ ಸ್ವಾಮಿ, ಮಾಲು ಬರೋದೇ ಕಷ್ಟ ಆಗಿದೆ. ಈ ಅಳತೇದು ಇರೋದೇ ಎರಡು. ನೀವು ತಗೊಳ್ಳದೇ ಇದ್ರೆ ಸಾಯಂಕಾಲದೊಳಗೆ ಬೇರೆಯವರು ತಗೋತಾರೆ. ನಾನ್ಯಾಕೆ ಇಳೀಲಿ?"

ಮಾತು ನ್ಯಾಯವೇ. ಆದರೆ ಒಂದು ಪೈಸೆಯನ್ನೂ ಇಳಿಸದೆ ಒಂದು ವಸ್ತು ಕೊಂಡು ಮನೆಗೆ ಹೋಗುವುದೆಂದರೆ ನನಗೆ ಊಟ ಮಾಡಿಯೂ ಕೈ ತೊಳೆಯದ ಹಾಗೆ. ಆಗಲೇ ಮೂಲೆಯಲ್ಲಿ ಬೇರೆಯಾಗಿ ಒರಗಿಸಿದ್ದ ಇನ್ನೊಂದು ಟಯರ್ ಕಣ್ಣಿಗೆ ಬಿತ್ತು. ಮಿರಮಿರ ಮಿಂಚುತ್ತಿತ್ತು.

"ಅದು?"

"ಅದು ರಿಸೋಲು." ಎಂದರೆ, ಸವೆದ ಟಯರಿನ ಮೇಲ್ಭಾಗ ಉಜ್ಜಿ ತೆಗೆದು, ಹೊಸ ರಬ್ಬರಿನ ಪಟ್ಟಿ ಅಂಟಿಸಿ, ಅಚ್ಚಿಗೆ ಹಾಕಿ ಬೇಯಿಸಿದ್ದು.

"ಎಷ್ಟು?"

"ಮೂವತ್ತು."

"ಹದಿನೈದು," ಎಂದೆ, ಸುಮ್ಮನೆ ಬಾಯಿಗೆ ಬಂದದ್ದು.

ಯಜಮಾನರು ಗಾಜು ಒರೆಸುವುದನ್ನು ನಿಲ್ಲಿಸಿ, "ಇಪ್ಪತ್ತೆಂಟು," ಎಂದರು.

ಅಬ್ಬ! ಆ ಎರಡು ರೂಪಾಯಿ ಇಳಿದದ್ದನ್ನು ಕೇಳಿ ನನ್ನ ಮೈಗೆ ಮತ್ತೆ ಜೀವ ಬಂದಂತಾಯಿತು. ಮುಕ್ಕಾಲು ಗಂಟೆ ಕೂತೆ. ಹೆಬ್ಬೆರಳಿನಿಂದ ಒತ್ತಿದೆ, ಉಗುರಿನಿಂದ ಕೆರೆದೆ, ಮೂಸಿ ನೋಡಿದೆ, ನೆಲಕ್ಕೆ ಕುಟ್ಟಿ ಸದ್ದು ಕೇಳಿದೆ. ಎಲೆ ಕಟ್ಟಿನ ಮೇಲೆ ಕೆಳಗೆ ಚಿಗುರೆಲೆ ಇಟ್ಟು ನಡುವೆ ಹಳದಿ ಎಲೆ ತುರುಕುವವರನ್ನು ದಿನಬೆಳಗಾದರೆ ಹಿಡಿಯುವವನು ನಾನು. ನನಗೆ ಮೋಸ ಮಾಡುವ ವಸ್ತು ಇನ್ನೂ ಹುಟ್ಟಿಲ್ಲ ಎಂಬ ಧೈರ್ಯ. ಕಟ್ಟನ್ನಾದರೆ ಬಿಚ್ಚಿ ನಡುವಿನ ಎಲೆ ನೋಡಬಹುದು, ಟಯರನ್ನು ಬಿಚ್ಚಲಾಗುವುದಿಲ್ಲ ಎಂಬುದು ಮಾತ್ರ ಆಗ ಹೊಳೆಯಲಿಲ್ಲ. ಇಪ್ಪತ್ತೆರಡಕ್ಕೆ ಇಳಿಸಿದೆ. ಹೊಸದು ಒಂದು, ರಿಸೋಲು ಒಂದು ಎಂದು ತೀರ್ಮಾನವಾಯಿತು.

ಯಜಮಾನರು ಮೋಸದವರಲ್ಲ. ಕಾಗದ ಸುತ್ತುವಾಗ ಸ್ಪಷ್ಟವಾಗಿ ಹೇಳಿದರು: "ಇದು ಹೊರೆ ಇಲ್ಲದ ಗಾಡಿಗೆ ಸರಿ. ನಿಧಾನವಾಗಿ ಹೋಗೋರಿಗೆ ಸರಿ. ಹಾಕೋದಾದ್ರೂ ಹಿಂದೆ ಹಾಕಿ, ಮುಂದೆ ಹಾಕ್ಬೇಡಿ. ಕೇಳಿಸ್ತಾ ಸ್ವಾಮಿ?"

ಕೇಳಿಸಿತು. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಟಯರ್ ಅಲ್ಲ, ಬೆಲೆ ಇಳಿಸಲು ಬರುವ ಒಂದು ವಸ್ತು. ಆ ಅಂಗಡಿಯಲ್ಲಿ ಅಂಥದ್ದು ಇದ್ದದ್ದು ಅದೊಂದೇ.

ಹೊಳೆಯ ಸೇತುವೆಗೆ ಹೋಗುವ ದಾರಿಯಲ್ಲಿ ಪಂಕ್ಚರ್ ಹಾಕುವ ಸಾಬರೊಬ್ಬರಿದ್ದರು. ಅವರ ಹತ್ತಿರ ಗಾಡಿ ನಿಲ್ಲಿಸಿ, ಹೊಸದು ಹಿಂದಕ್ಕೆ, ರಿಸೋಲು ಮುಂದಕ್ಕೆ ಎಂದೆ.

ಸಾಬರು ಟಯರ್ ಎಬ್ಬಿಸುವ ಕಬ್ಬಿಣದ ಪಟ್ಟಿ ಕೆಳಗಿಟ್ಟರು. "ಉಲ್ಟಾ ಹೇಳ್ತಾ ಇದ್ದೀರಿ ಸೇಟು."

"ಉಲ್ಟಾ ಏನು? ಹೊರೆ ಇರೋದೆಲ್ಲಿ? ಹಿಂದೆ. ಎಂಜಿನ್ ತಿರುಗ್ಸೋದು ಯಾವ ಚಕ್ರ? ಹಿಂದಿಂದು. ಮುಂದಿಂದು ಸುಮ್ನೆ ಜೊತೇಲಿ ಬರ್ತದೆ ಅಷ್ಟೇ."

"ಅದು ಸರಿ. ಹಿಂದಿನ ಟೈರು ಹೋದ್ರೆ ಗಾಡಿ ಅಲ್ಲಾಡ್ತದೆ, ನೀವು ಕುಂಡೆ ಮೇಲೆ ಕೂರ್ತೀರಿ. ಮುಂದಿಂದು ಹೋದ್ರೆ ಮುಖದ ಮೇಲೆ ಹೋಗ್ತೀರಿ. ಯಾವುದು ಪಸಂದ್, ಆರಿಸ್ಕೊಳ್ಳಿ."

"ನೀವು ಹಾಕಿ ಸಾಬ್ರೇ."

"ಹಾಕ್ತೀನಿ. ದವಾಖಾನೆ ದಾರಿ ಗೊತ್ತಲ್ಲ?"

ಹನ್ನೊಂದು ದಿನ ಗಾಡಿ ಬೆಣ್ಣೆಯ ಹಾಗೆ ಓಡಿತು. ಒಂದು ಪಂಕ್ಚರಿಲ್ಲ. ಸೈರನ್ನಿಗೆ ಮುಂಚೆ ಮುಕ್ಕಾಲು ಗಂಟೆ ಉಳಿಯುವಂತೆ ಗೇಟು ಮುಟ್ಟುತ್ತಿದ್ದೆ. ಆ ಹನ್ನೊಂದು ದಿನಗಳಲ್ಲಿ ನಾನು ಎಷ್ಟು ಜನಕ್ಕೆ ಟಯರ್ ಬಗ್ಗೆ ಬುದ್ಧಿ ಹೇಳಿದೆನೋ ನೆನಪಿಲ್ಲ. ಕಾರ್ಖಾನೆಯ ಮೇಸ್ತ್ರಿಯೊಬ್ಬರು ತಮ್ಮ ಗಾಡಿಗೆ ಟಯರ್ ನೋಡುತ್ತಿದ್ದೇನೆ ಎಂದಾಗ, ಕರೆದು ಕೂರಿಸಿ, ನನ್ನ ಮುಂದಿನ ಚಕ್ರವನ್ನು ಮುಟ್ಟಿಸಿ, "ಎಷ್ಟಿರಬಹುದು ಹೇಳಿ ನೋಡೋಣ" ಎಂದೆ. ಐವತ್ತು ಎಂದರು. "ಇಪ್ಪತ್ತೆರಡು!" ಎಂದಾಗ ಅವರ ಮುಖ ನೋಡಬೇಕಿತ್ತು. ಆ ಮುಖ ನೋಡುವ ಸುಖಕ್ಕೆ ಆರು ರೂಪಾಯಿ ಹೆಚ್ಚಾದರೂ ಕೊಡಬಹುದಿತ್ತು.

ಹನ್ನೆರಡನೆಯ ದಿನ ಬಿಸಿಲು ಜೋರಾಗಿತ್ತು. ರಸ್ತೆಯ ಟಾರು ಕರಗಿ ಚಕ್ರಕ್ಕೆ ಪಿಸಪಿಸ ಅಂಟುತ್ತಿತ್ತು. ಮಲವಗೊಪ್ಪ ದಾಟಿದ ಮೇಲೆ ಮುಂದಿನ ಮಡ್ಗಾರ್ಡಿನಿಂದ ಪಟ್, ಪಟ್, ಪಟ್ ಎಂದು ಸದ್ದು ಬರತೊಡಗಿತು. ಒಣಗಿದ ಎಲೆಯೋ ಕಡ್ಡಿಯೋ ಸಿಕ್ಕಿರಬೇಕು ಎಂದುಕೊಂಡೆ. ಸದ್ದು ಜೋರಾಯಿತು. ಬಗ್ಗಿ ನೋಡಿದರೆ, ಆ ಮಿಂಚುವ ರಬ್ಬರಿನ ಪಟ್ಟಿ ಒಂದು ಕಡೆ ಬಿಟ್ಟುಕೊಂಡು, ನಾಯಿಯ ನಾಲಿಗೆಯ ಹಾಗೆ ಹೊರಗೆ ಜೋತು ಬಿದ್ದು ಚಕ್ರದ ಜೊತೆ ಸುತ್ತುತ್ತಿದೆ. ಬ್ರೇಕಿನ ಮೇಲೆ ಕಾಲಿಡುವ ಮೊದಲೇ ಪಟ್ಟಿ ಮಡ್ಗಾರ್ಡಿನ ಸಂದಿಗೆ ಸುತ್ತಿಕೊಂಡು ಚಕ್ರ ಗಪ್ಪನೆ ನಿಂತಿತು. ಚಕ್ರ ನಿಂತಿತು, ನಾನು, ನಲವತ್ತು ಕಟ್ಟು ಎಲೆ ಮತ್ತು ಗಾಡಿಯ ಹಿಂಭಾಗ ನಿಲ್ಲಲಿಲ್ಲ.

ಪಕ್ಕದ ಚರಂಡಿಯಲ್ಲಿ ಮೆತ್ತನೆಯ ಮಣ್ಣು ಇತ್ತು. ಮುಖದ ಮೇಲೆಯೇ ಹೋದೆ. ಸಾಬರ ಮಾತಿನಲ್ಲಿ ಒಂದಕ್ಷರ ಸುಳ್ಳಾಗಲಿಲ್ಲ. ಮೊಣಕಾಲು ತರಚಿದ್ದು, ಮೂಗಿನ ತುಂಬ ಮಣ್ಣು ತುಂಬಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಎಲೆ ಹಾಗೇ ಇತ್ತು. ಒದ್ದೆ ಗೋಣಿ ಅದನ್ನು ಕಾಪಾಡಿತು.

ಕಬ್ಬಿನ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, ನಾನು ಏಳುವ ತನಕ ನೋಡಿ, ಕೇಳಿದ:

"ಏನಾಯ್ತಣ್ಣ?"

"ಕಾಣಲ್ವೇನಪ್ಪ? ಟೈರಿನ ಸಿಪ್ಪೆ ಬಂತು."

"ಸಿಪ್ಪೆ ಬಂದ್ರೆ ಹಣ್ಣು ಒಳಗಿರ್ತದಲ್ಲ. ಸುಲ್ದು ಹಾಕಿ ಹೋಗು," ಎಂದ. ಎತ್ತು ಹೊಡೆದುಕೊಂಡು ಹೋಗಿಯೇಬಿಟ್ಟ.

ಹಾಸ್ಯಕ್ಕೆ ಹೇಳಿದನೋ ಏನೋ, ಬೇರೆ ದಾರಿ ಇರಲಿಲ್ಲ. ಎಲೆಯ ತೊಟ್ಟು ಕತ್ತರಿಸುವ ಕತ್ತರಿ ಜೇಬಿನಲ್ಲಿತ್ತು. ಅದರಿಂದ ಆ ದಪ್ಪ ರಬ್ಬರನ್ನು ಕತ್ತರಿಸುವುದೆಂದರೆ ಹಲ್ಲುಕಡ್ಡಿಯಿಂದ ಮರ ಕಡಿದ ಹಾಗೆ. ಅರ್ಧ ಗಂಟೆ ಹಿಡಿಯಿತು. ಸುಲಿದ ಮೇಲೆ ಒಳಗಿನ ಹಳೆಯ ಟಯರಿನ ಬಟ್ಟೆಯ ದಾರಗಳು ಕಂಡವು. ಕಟ್ಟಿನ ನಡುವೆ ತುರುಕಿದ ಹಳದಿ ಎಲೆ ಎಂದರೆ ಇದೇ ಎಂದು ಆಗ ತಿಳಿಯಿತು. ಆ ದಾರಗಳ ಮೇಲೆಯೇ ಗಾಡಿ ಬಿಟ್ಟೆ, ನಡೆಯುವವನಿಗಿಂತ ಸ್ವಲ್ಪ ಬೇಗ. ಸೈಕಲ್ಲಿನವರೆಲ್ಲ ನನ್ನನ್ನು ದಾಟಿ ಹೋದರು. ಒಬ್ಬ ತಿರುಗಿ, "ಏನಣ್ಣ, ಮೆರವಣಿಗೇನಾ?" ಎಂದ.

ಭದ್ರಾ ಸೇತುವೆಯ ಹತ್ತಿರ ಬರುವಾಗ ಸೈರನ್ ಕೇಳಿಸಿತು. ಎಷ್ಟು ಹೊತ್ತು ಕೂಗಿತೆಂದರೆ, ನನಗೊಬ್ಬನಿಗೇ ಕೂಗುತ್ತಿದೆ ಎನಿಸಿತು. ನಲವತ್ತು ಕಟ್ಟು ಎಲೆಯೇನೋ ಹೋಗಲಿ, ದಿನಾ ನಲವತ್ತು ಕಟ್ಟು ಕೊಳ್ಳುವ ಗೇಟೇ ಕೈಬಿಟ್ಟಿತು. ಅದಿಲ್ಲದಿದ್ದರೆ ಮತ್ತೆ ಬುಟ್ಟಿ, ಮತ್ತೆ ಬೀದಿ.

ಗೇಟಿನ ಮುಂದೆ ಮುದುಕರ ಅಂಗಡಿಯ ಪಕ್ಕದಲ್ಲಿ, ನಾನು ಕೂರುತ್ತಿದ್ದ ಕಲ್ಲಿನ ಮೇಲೆ, ಅಕ್ಕ ಕೂತಿದ್ದಳು. ಸೈರನ್ನಿಗೆ ಅರ್ಧ ಗಂಟೆ ಮುಂಚೆಯೂ ನನ್ನ ಸದ್ದು ಕೇಳದಾಗ ಮುದುಕರು ಓಲ್ಡ್ ಟೌನಿಗೆ ಹುಡುಗನೊಬ್ಬನನ್ನು ಸೈಕಲ್ಲಿನಲ್ಲಿ ಓಡಿಸಿದ್ದರು. ಅವಳು ಇದ್ದಬದ್ದ ಎಲೆಯನ್ನು ಬುಟ್ಟಿಗೆ ಹಾಕಿಕೊಂಡು ಬಂದು ಹಂಚಿ, ಆಗಲೇ ಕಾಲು ನೀಡಿ ಕೂತಾಗಿತ್ತು. ಮಣ್ಣು ಮೆತ್ತಿದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನು ತಂಬಿ, ನೀನು ಮೋಟರ್ ಮೇಲೆ ಬಂದ್ಯೋ, ಮೋಟರ್ ನಿನ್ ಮೇಲೆ ಬಂತೋ?"

ಸುತ್ತ ನಿಂತ ಕೆಲಸಗಾರರು ಗೊಳ್ಳೆಂದರು. ಮುದುಕರು ಮೂರನೆಯ ಬೆರಳನ್ನು ಮಡಿಸಿ ತೋರಿಸಿದರು. "ಮೂರಾಯ್ತು ಮಾರಾಯ. ನಾನು ಆಡಿದ ಮಾತು ಆಡಿದ್ದೇ. ಇನ್ನು ಮುಂದೆ ಗೇಟಿನ ಎಲೆ ಅಕ್ಕಂದು."

"ಟೈರಿನದು ತಪ್ಪು ಯಜಮಾನ್ರೆ, ನಂದಲ್ಲ."

"ಟೈರು ತಗೊಂಡೋರು ಯಾರು?" ಎಂದಳು ಅಕ್ಕ.

ಆದರೆ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದಿತ್ತು. ಅವಳ ಬುಟ್ಟಿ ಬರಿದಾಗಿತ್ತು. ಒಳಗೆ ಹೋಗುವವರ ಸಾಲು ಇನ್ನೂ ಮುಗಿದಿರಲಿಲ್ಲ, ಅಂಗಡಿಗಳಲ್ಲಿ ಎಲೆ ತೀರುತ್ತ ಬಂದಿತ್ತು. ಇಲ್ಲೇ ನನಗೊಂದು ಸಂದಿ ಇದೆ ಎಂದುಕೊಂಡು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಅಕ್ಕಾ, ನಲವತ್ತು ಕಟ್ಟು ಇದೆ. ತಾಜಾ ಎಲೆ. ನಿಮಗೇ ಕೊಡ್ತೀನಿ, ದಿನದ ರೇಟಿಗೆ."

ಅಕ್ಕ ಸುಣ್ಣದ ಡಬ್ಬಿ ತೆಗೆದು, ಎಲೆಗೆ ಸುಣ್ಣ ಸವರಿ, ಮಡಿಸಿ ಬಾಯಿಗಿಟ್ಟುಕೊಂಡಳು.

"ನಾಲ್ಕಾಣೆ ಕಡಿಮೆ ಮಾಡ್ಕೊಳ್ಳಿ."

ಅಗಿಯುತ್ತಿದ್ದಳು. ಕಣ್ಣು ನನ್ನ ಹಿಂದೆ ಎಲ್ಲೋ ಇತ್ತು. ಬಿಸಿಲಿಗೆ ಗೋಣಿಯಿಂದ ಹಬೆ ಏಳುತ್ತಿದ್ದುದನ್ನು ನೋಡುತ್ತಿದ್ದಳೆಂದು ತಡವಾಗಿ ತಿಳಿಯಿತು.

"ಹೋಗ್ಲಿ, ಅಸಲಿಗೇ ಕೊಡ್ತೀನಿ. ನಂಗೇನೂ ಲಾಭ ಬೇಡ."

ಅವಳು ಪಕ್ಕಕ್ಕೆ ತಿರುಗಿ ಉಗುಳಿದಳು. ಅಷ್ಟೇ.

"ಅಕ್ಕಾ, ಅಸಲಿಗಿಂತ ಒಂದು ಮೆಟ್ಟಿಲು ಕೆಳಗೆ. ಇದಕ್ಕಿಂತ ಇಳಿದ್ರೆ ನನ್ನ ಹೆಂಡ್ತಿ ಮನೆಗೆ ಸೇರಿಸಲ್ಲ."

"ಬುಟ್ಟಿಗೆ ಹಾಕು," ಎಂದಳು.

ಒಂದು ಮಾತೂ ಆಡದೆ ನನ್ನನ್ನು ಮೂರು ಮೆಟ್ಟಿಲು ಇಳಿಸಿದವಳು ಇಡೀ ಜನ್ಮದಲ್ಲಿ ಅವಳೊಬ್ಬಳೇ. ಆ ವಿದ್ಯೆಯನ್ನು ನಾನು ಆಮೇಲೆ ಎಷ್ಟೋ ಸಲ ಪ್ರಯೋಗ ಮಾಡಿದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ಸುಮ್ಮನಿರಲು ಆಗಲಿಲ್ಲ.

ಎಲೆ ಹಂಚಿ ಬಂದ ಮೇಲೆ ಅವಳು ನನ್ನ ಗಾಡಿಯ ಹತ್ತಿರ ಹೋಗಿ, ಮುಂದಿನ ಚಕ್ರವನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿದಳು. ದಾರ ಎದ್ದ ಟಯರ್ ಒಳಗೆ ಹೋಯಿತು.

"ಎಷ್ಟು ಕೊಟ್ಟೆ ಇದಕ್ಕೆ?"

"ಇಪ್ಪತ್ತೆರಡು. ಮೂವತ್ತು ಹೇಳಿದ್ರು."

"ಎಂಟು ರೂಪಾಯಿ ಉಳಿಸ್ದೆ," ಎಂದಳು. ಸಮಾಧಾನ ಹೇಳುವವಳ ಧ್ವನಿಯೇ ಇತ್ತು, ಅದಕ್ಕೇ ಹೆಚ್ಚು ಚುಚ್ಚಿತು. ಆಮೇಲೆ ಮುದುಕರ ಕಡೆ ತಿರುಗಿ, "ತಾತಾ, ಗೇಟ್ ನಂದು. ಆದ್ರೆ ನಂಗಿರೋದು ಒಂದೇ ತಲೆ, ಒಂದೇ ಬುಟ್ಟಿ, ಮಂಡಿ ಬೇರೆ ನೋಯ್ತದೆ. ಶಿವಮೊಗ್ಗದಿಂದ ಈ ತಂಬಿ ತರ್ಲಿ, ಇಲ್ಲಿ ನಾನು ಕೊಡ್ತೀನಿ. ತಡ ಆದ್ರೆ ಕೇಳೋಳು ನಾನು," ಎಂದಳು.

ಮುದುಕರು ಅಡಿಕೆ ಕತ್ತರಿಸುತ್ತಲೇ ತಲೆಯಾಡಿಸಿದರು. ಅವರಿಗೆ ಎಲೆ ಬಂದರಾಯಿತು.

"ಒಂದು ಷರತ್ತು ತಂಬಿ. ಈಗ ನನ್ ಜೊತೆ ಬಾ. ಹೊಸ ಟೈರು ಹಾಕ್ಸು. ಅಂಗಡೀಲಿ ನೀನು ಬಾಯಿ ಬಿಡಬಾರದು."

ಓಲ್ಡ್ ಟೌನಿನ ಟಯರ್ ಅಂಗಡಿಗೆ ಗಾಡಿ ತಳ್ಳಿಕೊಂಡು ಹೋದೆ. ಮುಂದೆ ಅವಳು, ಹಿಂದೆ ನಾನು. ಅಂಗಡಿಯವನು ಐವತ್ತೆಂಟು ಎಂದ. ನನ್ನ ಗಂಟಲಿನಲ್ಲಿ ಐವತ್ತು ಎಂಬ ಮಾತು ಬಂದು ನಿಂತಿತು. ಅಕ್ಕ ನನ್ನನ್ನು ನೋಡಿದಳು. ಮಾತನ್ನು ನುಂಗಿಕೊಂಡು, ಎಲೆ ಮಾರಿದ ದುಡ್ಡು ಸಾಲದೆ ನನ್ನ ಒಳಜೇಬಿನದನ್ನೂ ಸೇರಿಸಿ ಐವತ್ತೆಂಟು ಎಣಿಸಿ ಕೊಟ್ಟೆ. ಒಂದು ವಸ್ತುವನ್ನು ಕೇಳಿದ ಬೆಲೆಗೆ ನಾನು ಕೊಂಡದ್ದು ಅದೇ ಮೊದಲು. ಅಂಗಡಿಯವನು ಅನುಮಾನದಿಂದ ನೋಟುಗಳನ್ನು ಎರಡು ಸಲ ಬೆಳಕಿಗೆ ಹಿಡಿದು ನೋಡಿದ.

ಆಮೇಲೆ ಒಂಬತ್ತು ವರ್ಷ ಅಕ್ಕನಿಗೆ ಎಲೆ ತಂದುಕೊಟ್ಟೆ. ಮೊದಲಿನಷ್ಟು ಲಾಭ ಬರಲಿಲ್ಲ, ಆದರೆ ಒಂದು ದಿನವೂ ನಿಲ್ಲಲಿಲ್ಲ. ಪ್ರತಿ ಸೋಮವಾರ ಅವಳು ಎರಡು ಚಕ್ರಕ್ಕೂ ಕಾಲಿನ ಹೆಬ್ಬೆರಳು ಒತ್ತಿ ನೋಡಿಯೇ ಎಲೆ ಇಳಿಸಿಕೊಳ್ಳುತ್ತಿದ್ದಳು. ಟಯರಿನ ಹದವನ್ನು ಯಾವ ಗ್ಯಾರೇಜಿನವನೂ ಅಷ್ಟು ಸರಿಯಾಗಿ ಹೇಳುತ್ತಿರಲಿಲ್ಲ.

ಈಗ ಮೋಟರ್ ಸೈಕಲ್ ಇಟ್ಟವರಿಗೆ ನಾಲ್ಕು ಮಾತು. ಮುಖಕ್ಕೆ ಮಣ್ಣು ಮೆತ್ತಿಕೊಂಡು ಕಲಿತದ್ದು, ಪುಕ್ಕಟೆಯಾಗಿ ಕೊಡುತ್ತಿದ್ದೇನೆ. ಟಯರ್ ಬೋಳಾಗುವವರೆಗೆ ಕಾಯಬೇಡಿ. ಅವಸರದಲ್ಲಿ ಹೋದ ಗಿರಾಕಿಗೆ ಆಯ್ಕೆ ಇರುವುದಿಲ್ಲ. ಗೆರೆಗಳು ಇನ್ನೂ ಕಾಣುವಾಗಲೇ ನಾಲ್ಕು ಅಂಗಡಿ ತಿರುಗಿ, ಯಾರಲ್ಲಿ ನಿಮ್ಮ ಅಳತೆಯದು ಇದೆ ಎಂದು ತಿಳಿದಿಟ್ಟುಕೊಳ್ಳಿ. ಅಳತೆ ಟಯರಿನ ಪಕ್ಕದಲ್ಲೇ ಬರೆದಿರುತ್ತದೆ, ಚೀಟಿಯಲ್ಲಿ ಬರೆದುಕೊಂಡು ಹೋಗಿ, ಬಾಯಲ್ಲಿ ಹೇಳಿ ಮೋಸ ಹೋಗಬೇಡಿ. ಮುಂದಿನ ಚಕ್ರಕ್ಕೆ ಉದ್ದುದ್ದ ಗೆರೆಯದು, ಹಿಂದಿನದಕ್ಕೆ ತುಂಡುತುಂಡು ಅಚ್ಚಿನದು. ಮುಂದಿನದು ದಾರಿ ಹಿಡಿಯುತ್ತದೆ, ಹಿಂದಿನದು ನೆಲ ಹಿಡಿಯುತ್ತದೆ.

ಅಂಗಡಿಯವನು ಯಾವುದರ ಬೆಲೆಯನ್ನು ಸುಲಭವಾಗಿ ಇಳಿಸುತ್ತಾನೋ ಅದನ್ನು ಅಲ್ಲೇ ಬಿಟ್ಟು ಬನ್ನಿ. ಚೌಕಾಸಿ ಮಾಡಲೇಬೇಕು ಎನಿಸಿದರೆ ಟ್ಯೂಬಿನ ಮೇಲೆ ಮಾಡಿ, ಹಾಕಿಸುವ ಕೂಲಿಯ ಮೇಲೆ ಮಾಡಿ. ಟಯರಿನ ಮೇಲೆ ಬೇಡ. ರಿಸೋಲು ಕೊಳ್ಳಲೇಬೇಕಾದ ಕಷ್ಟ ಬಂದರೆ ಹಿಂದಕ್ಕೆ ಹಾಕಿ, ಹೊರೆ ಹೇರಬೇಡಿ, ಬಿಸಿಲಿಗೆ ಓಡಿಸಬೇಡಿ. ಇಷ್ಟೆಲ್ಲ ಬೇಡಗಳು ಸೇರಿದ ಮೇಲೆ ಗಾಡಿ ಯಾಕೆ ಬೇಕು ಎಂದು ನೀವೇ ಯೋಚಿಸಿ. ಟಯರ್ ಬದಲಾಯಿಸುವಾಗ ಟ್ಯೂಬಿನ ತೇಪೆ ಎಣಿಸಿ, ನಾಲ್ಕಕ್ಕಿಂತ ಹೆಚ್ಚಿದ್ದರೆ ಅದನ್ನೂ ಬದಲಾಯಿಸಿ. ಚಕ್ರದ ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ರಿಮ್ಮಿನ ಮೇಲೆ ಹಳೆಯ ಟ್ಯೂಬಿನ ಪಟ್ಟಿ ಸುತ್ತಿಸಿ. ಹೊಸ ಟಯರ್ ಮೊದಲೆರಡು ದಿನ ಜಾರುತ್ತದೆ, ತಿರುವಿನಲ್ಲಿ ಗಾಡಿ ಮಲಗಿಸಬೇಡಿ. ಗಾಳಿಯನ್ನು ಬೆಳಿಗ್ಗೆ ಚಕ್ರ ತಣ್ಣಗಿರುವಾಗ ಅಳೆಸಿ. ಬಿಸಿಲಲ್ಲಿ ಓಡಿ ಬಂದ ಟಯರ್ ಸುಳ್ಳು ಹೇಳುತ್ತದೆ. ಹೊರೆ ಹೇರುವ ದಿನ ಹಿಂದಿನ ಚಕ್ರಕ್ಕೆ ಸ್ವಲ್ಪ ಹೆಚ್ಚು ಗಾಳಿ ಹಾಕಿಸಿ, ಹೊರಡುವ ಮೊದಲು ಒಮ್ಮೆ ಬಗ್ಗಿ, ಟಯರಿನಲ್ಲಿ ಮೊಳೆ ಇದೆಯೇ ನೋಡಿ.